ನೀರಿಗಿಳಿಯುವ ಮುಂಚಿನ ಉಸಿರು

ಅಕ್ಟೋಬರ್ ೬

ಮೊಂಡಿಗೆ,

ಪೆಟ್ಟಿಗೆಯನ್ನು ಆಮೇಲೆ ಬಿಚ್ಚು, ಮೊದಲು ಕಾಗದ ಓದು ಎಂದರೆ ನೀನು ಮೊದಲು ಪೆಟ್ಟಿಗೆಯನ್ನೇ ಬಿಚ್ಚಿರುತ್ತೀಯ. ಆದ್ದರಿಂದ ಹೇಳುವುದಿಲ್ಲ. ಒಳಗಿರುವುದು ನಮ್ಮ ಮುದುಕ. ಹೌದು, ನನ್ನ ಹಿತ್ತಾಳೆ ರೆಗ್ಯುಲೇಟರ್. ಸಿಲಿಂಡರಿನ ಕತ್ತಿನ ಮೇಲೆ ಕೂತು, ಒಳಗೆ ಒತ್ತಿ ತುಂಬಿದ ಗಾಳಿಯನ್ನು ಮೆತ್ತಗೆ ಮಾಡಿ ಇಷ್ಟು ವರ್ಷ ನನ್ನ ಬಾಯಿಗೆ ಉಣಿಸಿದವನು. ಬಂದರಿನಲ್ಲಿ ಹಡಗುಗಳ ಹೊಟ್ಟೆ ಕೆರೆಯುತ್ತ ಕೆರೆಯುತ್ತ ನನ್ನ ಕಿವಿ ಹೋಯಿತು, ಮಂಡಿ ಹೋಯಿತು. ಅವನಿಗೆ ಏನೂ ಆಗಿಲ್ಲ.

ನಾನು ಬಸ್ ಸ್ಟ್ಯಾಂಡಿಗೆ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಹತ್ತಿದೆಯಂತೆ, ನಿಮ್ಮಮ್ಮ ಹೇಳಿದಳು. ಶೆಡ್ಡಿನಲ್ಲಿ ಕಂಪ್ರೆಸರ್ ಓಡುತ್ತಿತ್ತು. ಸಿಲಿಂಡರ್ ತುಂಬಿಸುವಾಗ ಬಿಟ್ಟು ಬರುವ ಹಾಗಿಲ್ಲ, ನಿನಗೂ ಗೊತ್ತಲ್ಲ. ಇಲ್ಲಿ ನಮ್ಮದೇ ಶೆಡ್ಡು, ನಮ್ಮದೇ ಸಮುದ್ರ ಇರುವಾಗ ಆ ಬೆಟ್ಟದ ಮೇಲಿನ ಅಣೆಕಟ್ಟಿನ ನೀರಿನಲ್ಲಿ ಮುಳುಗಲು ಹೋಗುವುದು ಯಾಕೆ ಎಂದು ನಾನು ಕೇಳಿದ್ದು ಈಗಲೂ ಸರಿಯೇ. ಅದರ ಮಾತು ಬಿಡು. ಹೋದವಳು ಹೋಗಿಯಾಯಿತು, ಬರಿಗೈಯಲ್ಲಿ ಇಳಿಯುವುದು ಬೇಡ.

ಮುದುಕನಿಗೆ ಒಂದು ಮರ್ಯಾದೆ ಇದೆ. ನೀರಿಗಿಳಿಯುವ ಮುಂಚೆ, ದಡದಲ್ಲಿ ನಿಂತು, ಎರಡು ಉಸಿರು ಎಳಿ. ಆಮೇಲೆ ಬಾಯಿಗಿಡುವ ಮೂತಿಯ ಗುಂಡಿ ಒತ್ತಿ ಬುಸ್ ಅನ್ನಿಸು. ಮೇಲೆ ನಿನ್ನ ಹಗ್ಗ ಹಿಡಿದು ನಿಂತವರಿಗೆ ಅದು ಕೇಳಬೇಕು. ಗಾಳಿ ಬರುತ್ತಿದೆ ಎಂದು ಗೊತ್ತಾದ ಮೇಲೆಯೇ ಇಳಿ. ಒಂದು ದಿನವೂ ತಪ್ಪಿಸಬೇಡ. ತಪ್ಪಿಸುವುದಿಲ್ಲ ಎಂದು ಬರೆದು ಕಳಿಸು.

ಇತಿ, ಕಿವಿ ಸರಿಯಾಗಿ ಕೇಳದ
ನಿನ್ನ ಅಪ್ಪ


ಅಕ್ಟೋಬರ್ ೨೪

ಅಪ್ಪ,

ಪೆಟ್ಟಿಗೆಯನ್ನೇ ಮೊದಲು ಬಿಚ್ಚಿದೆ. ಮುದುಕನನ್ನು ನೋಡಿ ಅತ್ತೆ. ಇದನ್ನು ಅಮ್ಮನಿಗೆ ಓದಿ ಹೇಳು, ನೀನು ಓದಿಕೊಳ್ಳಬೇಡ.

ತಪ್ಪಿಸುವುದಿಲ್ಲ. ಸಾಕಾ? ನಾನು ಚಿಕ್ಕವಳಿದ್ದಾಗ ಬಂದರಿನ ಗೋಡೆ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ. ನೀನು ಕೆಳಗೆ ಏಣಿಯ ಮೇಲೆ ನಿಂತು ನನ್ನ ಕಡೆ ಮುದುಕನ ಮೂತಿ ತಿರುಗಿಸಿ ಬುಸ್ ಅನ್ನಿಸಿ ಇಳಿದುಬಿಡುತ್ತಿದ್ದೆ. ಹೋಗಿ ಬರುತ್ತೇನೆ ಎಂದು ನೀನು ಬಾಯಿ ಬಿಟ್ಟು ಯಾವತ್ತೂ ಹೇಳಿದವನಲ್ಲ. ನಮ್ಮ ಮನೆಯಲ್ಲಿ ಆ ಮಾತು ಹೇಳುತ್ತಿದ್ದವನು ಮುದುಕನೇ. ಇಲ್ಲಿ ನಾನು ಬುಸ್ ಅನ್ನಿಸಿದರೆ ಎಲ್ಲರೂ ನಗುತ್ತಾರೆ. ನನ್ನ ಜೊತೆ ಇಳಿಯುವವನನ್ನು ಎಲ್ಲರೂ ಬಾತು ಅನ್ನುತ್ತಾರೆ, ನಡೆಯುವುದು ಹಾಗೇ. ಅವನು ಮಾತ್ರ ನಕ್ಕು ಸುಮ್ಮನಾಗದೆ ತಾನೂ ಕಲಿತಿದ್ದಾನೆ. "ನಿಮ್ಮಪ್ಪನಿಗೊಂದು ಸಲಾಮು" ಎಂದು ಅವನೂ ಬುಸ್ ಅನ್ನಿಸಿ ಧುಮುಕುತ್ತಾನೆ. ಹಗ್ಗ ಹಿಡಿಯುವ ಅಕ್ಕನಿಗೆ ಇದೆಲ್ಲ ಮಕ್ಕಳಾಟ. "ಆಯ್ತಾ ನಿಮ್ದು? ನನ್ ಬೆರಳು ಬಿದ್ದೋಗ್ತಿದೆ, ಇಳೀರಿ" ಅನ್ನುತ್ತಾಳೆ.

ನಮ್ಮ ಕೆಲಸ ಸುಲಭದ್ದು. ಅಣೆಕಟ್ಟಿನ ಬುಡದಲ್ಲಿ ನೀರು ಕೊಳವೆಗೆ ನುಗ್ಗುವ ಬಾಯಿಗೆ ಕಬ್ಬಿಣದ ಕಂಬಿಗಳಿವೆ. ಕೊಂಬೆ, ಕಸ, ಸತ್ತ ಬೇರು ಬಂದು ಅದಕ್ಕೆ ಮೆತ್ತಿಕೊಳ್ಳುತ್ತವೆ, ನಾವು ಎಳೆದು ಬಿಡಿಸುತ್ತೇವೆ. ನೀರು ಎಷ್ಟು ತಣ್ಣಗಿದೆಯೆಂದರೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಹೆಪ್ಪುಗಟ್ಟಲು ಶುರುವಾಗಿದೆ. ಇಲ್ಲಿಯ ರೆಗ್ಯುಲೇಟರುಗಳೂ ಚಳಿಗೆ ಹೆದರಿ ಕತ್ತಿಗೊಂದು ರಬ್ಬರ್ ಟೋಪಿ ಹಾಕಿಕೊಂಡಿವೆ. ನಮ್ಮ ಮುದುಕ ಬೋಳುತಲೆ.

ಒಂದು ವಿಷಯ ಕೇಳಬೇಕಿತ್ತು. ಈಚೆಗೆ ಅವನ ಕತ್ತಿನ ಸುತ್ತ ಬಿಳಿ ಪುಡಿ ಹಿಡಿಯುತ್ತಿದೆ. ನೀರಿಗಿಳಿದ ಮೇಲೆ ಉಸಿರಿನ ಜೊತೆ ಸಣ್ಣ ಸಣ್ಣ ಹರಳು ಬಾಯಿಗೆ ಬರುತ್ತವೆ, ನಾಲಿಗೆ ಮೇಲೆ ಕರಗುತ್ತವೆ. ಮೊನ್ನೆ ಗುಂಡಿ ಬಿಟ್ಟ ಮೇಲೂ ಬುಸ್ ನಿಲ್ಲಲಿಲ್ಲ. ಗಾಳಿ ಸುಮ್ಮನೆ ಸುರಿಯಿತು. ಬಾತು ಮುಷ್ಟಿಯಿಂದ ಗುದ್ದಿದ ಮೇಲೆ ನಿಂತಿತು. ಒಳಗಿನ ಸ್ಪ್ರಿಂಗಿಗೆ ವಯಸ್ಸಾಯಿತಾ? ಬೇಗ ಬರಿ. ಯಾಕೆಂದರೆ ನವೆಂಬರ್ ಹದಿನಾಲ್ಕಕ್ಕೆ ದೊಡ್ಡ ಇಳಿತ ಇದೆ. ಆ ಹೊತ್ತಿಗೆ ಮೇಲೆಲ್ಲ ಹೆಪ್ಪುಗಟ್ಟಿರುತ್ತದೆ. ಒಂದು ತೂತು ಕೊರೆದು ಅದರಲ್ಲೇ ಇಳಿದು ಅದರಲ್ಲೇ ಹತ್ತಬೇಕು. ಕೆಳಗೆ ಏನಾದರೂ ಆದರೆ ನೆಟ್ಟಗೆ ಮೇಲೆ ಬರುವಂತಿಲ್ಲ, ತಲೆ ಮೇಲೆ ಚಾವಣಿ. ಅಮ್ಮನಿಗೆ ಈ ಭಾಗ ಓದಬೇಡ.

ನಿನ್ನ
ಮೊಂಡಿ


ನವೆಂಬರ್ ೨

ಮೊಂಡಿಗೆ,

ಸ್ಪ್ರಿಂಗಿಗೆ ವಯಸ್ಸಾಗಿದೆಯಂತೆ! ನಿನ್ನ ಕೈಗೆ ಬರುವ ಮುಂಚೆ ಅದು ಒಂದು ದಿನವೂ ಕೆಮ್ಮಿರಲಿಲ್ಲ. ನಾನೇ ಬಿಚ್ಚಿ, ತೊಳೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ.

ಅದು ಮರಳು. ಬಂದರಿನಲ್ಲಿ ನನ್ನ ಬಾಯಿಗೂ ಬರುತ್ತಿತ್ತು. ನೀನು ಮೆಲ್ಲಗೆ ಒತ್ತುತ್ತೀಯ, ಅದಕ್ಕೇ ಒಳಗೇ ಉಳಿದುಕೊಳ್ಳುತ್ತದೆ. ಹದಿನಾಲ್ಕರಂದು ಎರಡಲ್ಲ, ನಾಲ್ಕು ಉಸಿರು ಎಳಿ, ಎದೆ ತುಂಬ. ಆಮೇಲೆ ಗುಂಡಿಯನ್ನು ಉದ್ದಕ್ಕೆ ಒತ್ತಿ ಹಿಡಿ, ಮುದುಕ ಗಂಟಲು ಸರಿಮಾಡಿಕೊಳ್ಳಲಿ. ಒಳಗಿರುವುದೆಲ್ಲ ಹಾರಿಹೋಗುತ್ತದೆ. ಟೋಪಿಗೀಪಿ ಅವನಿಗೆ ಬೇಡ.

ನಿಮ್ಮಮ್ಮನಿಗೆ ಆ ಭಾಗ ಓದಲಿಲ್ಲ. ಅವಳೇ ಕಾಗದ ಕಿತ್ತುಕೊಂಡು ಓದಿದಳು.

ನಿನ್ನ
ಅಪ್ಪ


ನವೆಂಬರ್ ೮

ಮಗಳೇ,

ಈ ಕಾಗದ ನಿನ್ನ ಕೈ ಸೇರಿದ ತಕ್ಷಣ ಮುದುಕನನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕು. ಹದಿನಾಲ್ಕಕ್ಕೆ ಅವನನ್ನು ಕಟ್ಟಿಕೊಂಡು ಇಳಿಯಬೇಡ. ಯಾವ ರೆಗ್ಯುಲೇಟರ್ ಕಟ್ಟಿಕೊಂಡರೂ ದಡದಲ್ಲಿ ಉಸಿರು ಎಳೆಯಬೇಡ, ಗುಂಡಿ ಒತ್ತಬೇಡ. ನಾನು ಹಿಂದಿನ ಕಾಗದದಲ್ಲಿ ಬರೆದದ್ದಷ್ಟೂ ತಪ್ಪು. ಬಾತುವಿಗೂ ಹೇಳು. ಇದಿಷ್ಟು ಓದಿ, ಮಾಡಿ, ಆಮೇಲೆ ಮುಂದಕ್ಕೆ ಓದು.

ನಿನ್ನೆ ನಿಮ್ಮಮ್ಮ ನಿನ್ನ ಕಾಗದವನ್ನು ಮತ್ತೆ ಓದುತ್ತ ಕೂತಿದ್ದಳು. ನೀವು ಏನಂತ ಉತ್ತರ ಬರೆದಿರಿ ಎಂದಳು. ಮರಳು ಅಂತ ಬರೆದೆ ಅಂದೆ. "ನಾಲಿಗೆ ಮೇಲೆ ಕರಗ್ತು ಅಂತ ಬರ್ದಿದಾಳೆ. ಮರಳು ಕರಗುತ್ತೇನ್ರೀ?" ಎಂದಳು.

ಮುದುಕನ ಜೊತೆಗೇ ಕೊಂಡಿದ್ದ ಇನ್ನೊಂದು ರೆಗ್ಯುಲೇಟರ್ ಶೆಡ್ಡಿನಲ್ಲಿತ್ತಲ್ಲ, ಅದನ್ನೂ ಒಂದು ಸಿಲಿಂಡರನ್ನೂ ಹೊತ್ತುಕೊಂಡು ಬಂದರಿನ ಐಸ್ ಫ್ಯಾಕ್ಟರಿಗೆ ಹೋದೆ. ಅಲ್ಲಿಯ ಇಂಜಿನಿಯರ್ ಮೇಡಂ ತಣ್ಣನೆ ಕೋಣೆಗೆ ಬಿಟ್ಟರು. ಐಸ್ ತೇಲುವ ತೊಟ್ಟಿಯ ಪಕ್ಕ ನಿಂತು ನಿನಗೆ ಹೇಳಿದ ಹಾಗೇ ಮಾಡಿದೆ. ನಾಲ್ಕು ಉಸಿರು, ಉದ್ದನೆಯ ಬುಸ್. ಆಮೇಲೆ ತೊಟ್ಟಿಯಲ್ಲಿ ಮುಳುಗಿಸಿದೆ. ಕಣ್ಣೆದುರೇ ಹಿತ್ತಾಳೆಯ ಸುತ್ತ ಐಸ್ ಕಟ್ಟಿತು. ನಾನು ಮುಟ್ಟದೆಯೇ ಗಾಳಿ ಭೋರೆಂದು ಸುರಿಯತೊಡಗಿತು. ಗುದ್ದಿದೆ, ಅಲ್ಲಾಡಿಸಿದೆ, ನಿಲ್ಲಲಿಲ್ಲ. ತುಂಬಿದ ಸಿಲಿಂಡರ್ ನೋಡನೋಡುತ್ತ ಬರಿದಾಯಿತು. ನಾನು ಅಲ್ಲೇ ಐಸಿನ ಮೇಲೆ ಕೂತುಬಿಟ್ಟೆ.

ಮೇಡಂ ನನ್ನನ್ನು ಎಬ್ಬಿಸಿ ಹೊರಗೆ ಬಿಸಿಲಿಗೆ ಕರೆತಂದರು. "ಒತ್ತಿಟ್ಟ ಗಾಳಿನ ಸಣ್ಣ ತೂತಲ್ಲಿ ಬಿಟ್ರೆ ಹಿಗ್ಗುತ್ತೆ. ಒತ್ತೊತ್ತಾಗಿ ಕೂತಿದ್ದ ಕಣಗಳು ದೂರ ದೂರ ಹೋಗ್ಬೇಕು. ಒಂದನ್ನೊಂದು ಎಳ್ಕೊಂಡಿರ್ತಾವಲ್ಲ, ಬಿಡಿಸ್ಕೊಂಡು ಹೋಗೋಕೆ ಶಕ್ತಿ ಬೇಕು. ಹೊರಗಿಂದ ಯಾರೂ ಕೊಡಲ್ಲ. ಅವುಗಳ ಹತ್ರ ಇರೋ ಶಾಖದಲ್ಲೇ ಖರ್ಚು ಮಾಡ್ಕೋತಾವೆ. ಅದಕ್ಕೇ ತಣ್ಣಗಾಗುತ್ತೆ. ನಮ್ಮ ಮಶೀನಿನ ಲೆಕ್ಕ ಇದರ ಚಿಕ್ಕಪ್ಪನ ಮಗ ಅಂತಿಟ್ಕೊಳ್ಳಿ" ಎಂದರು. ಸಿಲಿಂಡರ್ ತುಂಬಿಸುವಾಗ ಬಿಸಿಯಾಗುತ್ತದೆ, ಖಾಲಿ ಮಾಡುವಾಗ ತಣ್ಣಗಾಗುತ್ತದೆ ಎನ್ನುವುದು ಜೀವಮಾನವೆಲ್ಲ ನನ್ನ ಅಂಗೈಗೆ ಗೊತ್ತಿತ್ತು. ತಲೆಗೆ ಹತ್ತಲಿಲ್ಲ. ನಮ್ಮ ಸಮುದ್ರದಲ್ಲೂ ಮುದುಕ ತಣ್ಣಗಾಗುತ್ತಲೇ ಇದ್ದ. ಸುತ್ತಲಿನ ನೀರು ಬೆಚ್ಚಗಿತ್ತು, ಅದು ಅವನನ್ನು ಕಾಯಿಸುತ್ತಿತ್ತು. ನಿನ್ನ ನೀರಿನಲ್ಲಿ ಆ ಬಿಸಿ ಇಲ್ಲ. ಬಾಯಿಂದ ಹೋದ ಹಸಿ ಉಸಿರು ಒಳಗೇ ಐಸಾಗುತ್ತದೆ, ಸ್ಪ್ರಿಂಗಿನ ಸುತ್ತಲಿನ ನೀರೂ ಐಸಾಗುತ್ತದೆ, ಗಾಳಿ ಬಿಡುವ ಬಾಗಿಲು ತೆರೆದೇ ಸಿಕ್ಕಿಕೊಳ್ಳುತ್ತದೆ. ಗಾಳಿ ಹೆಚ್ಚು ಸುರಿದಷ್ಟೂ ಹೆಚ್ಚು ತಣ್ಣಗಾಗುತ್ತದೆ, ಹೆಚ್ಚು ತಣ್ಣಗಾದಷ್ಟೂ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಆ ರಬ್ಬರ್ ಟೋಪಿ ಇರುವುದು ನೀರು ಸ್ಪ್ರಿಂಗಿಗೆ ತಾಗದಿರಲಿ ಎಂದು.

ಕೊನೆಗೆ ಮೇಡಂ, "ನೀವು ಮಗಳ ಬಾಯಿಗೆ ಒಂದು ಐಸ್ ಫ್ಯಾಕ್ಟರಿ ಕಟ್ಟಿ ಕಳಿಸಿದೀರಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೋನ್ ಮಾಡಿದೆ. ನಿಮ್ಮ ಕಡೆ ಹಿಮ ಬಿದ್ದು ಲೈನ್ ಸತ್ತಿದೆಯಂತೆ. ಈ ಕಾಗದ ಇವತ್ತಿನ ಟಪಾಲಿಗೆ ಹಾಕುತ್ತಿದ್ದೇನೆ. ಬೇಗ ಸೇರಲಿ. ಸೇರಲೇಬೇಕು.

ಅಪ್ಪ


ನವೆಂಬರ್ ೧೩

ಮಗಳೇ,

ಇದನ್ನು ಬೆಟ್ಟದ ಬುಡದ ಊರಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಕೂರಲಾಗಲಿಲ್ಲ. ನಿಮ್ಮಮ್ಮ ನನ್ನ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು.

ಇಲ್ಲಿಂದ ಮೇಲಕ್ಕೆ ದಾರಿ ಮುಚ್ಚಿದೆ. ಅಡ್ಡ ಕಂಬ ಹಾಕಿದ್ದಾರೆ. ಅದರ ಕೆಳಗೆ ನುಸುಳಿ ನಡೆದೇ ಹೊರಟಿದ್ದೆ, ಕಾವಲಿನವರು ಎರಡು ಸಲ ಹಿಡಿದು ವಾಪಸ್ ತಂದು ಬಿಟ್ಟರು. ಎರಡನೇ ಸಲ ತೋಳು ಹಿಡಿದವನ ಹತ್ತಿರ ಕೈಮುಗಿದು ಕೇಳಿಕೊಂಡೆ. "ಯಜಮಾನ್ರೇ, ಹಿಮದಲ್ಲಿ ನಿಮ್ ಹೆಣ ಹುಡುಕೋ ಕೆಲಸ ನಮಗೆ ಹಚ್ಬೇಡಿ" ಎಂದ.

ನನ್ನ ಎದುರಿಗೆ ಕೌಂಟರಿನ ಹಿಂದೆ ನಿಮ್ಮ ಅಣೆಕಟ್ಟಿನ ಟಪಾಲು ಚೀಲ ಗೋಡೆಗೊರಗಿ ಕೂತಿದೆ. ಎಂಟರಂದು ಬರೆದ ಕಾಗದ ಅದರೊಳಗಿದೆ. ನಾನು ಅದನ್ನು ನೋಡುತ್ತ ಕೂತಿದ್ದೇನೆ. ಎರಡರಂದು ಬರೆದದ್ದು ಎಲ್ಲಿ ಎಂದು ಕೇಳಿದೆ. ಗುಮಾಸ್ತೆ ಪುಸ್ತಕ ತಿರುವಿ ಬಹಳ ಖುಷಿಯಿಂದ ಹೇಳಿದಳು, "ಅದು ಹೋಯ್ತು ಸಾರ್. ದಾರಿ ಮುಚ್ಚೋ ಮುಂಚಿನ ಕೊನೇ ಗಾಡಿಲಿ ಹೋಗ್ಬಿಡ್ತು."

ನಾಳೆ ಹದಿನಾಲ್ಕು. ನೀನು ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದವಳಲ್ಲ. ನಾಳೆಯೂ ಕೇಳಬೇಡ. ಮೊಂಡಾಟ ಮಾಡು.

ಅಪ್ಪ


ನವೆಂಬರ್ ೧೬

ಅಪ್ಪ,

ದಾರಿ ಮುಚ್ಚಿದೆ, ಈ ಕಾಗದ ಯಾವಾಗ ಇಳಿಯುತ್ತದೋ. ಹದಿನಾಲ್ಕರ ಕೆಲಸ ಮುಗಿಯಿತು. ಏನೂ ತೊಂದರೆ ಆಗಲಿಲ್ಲ. ನಿನ್ನ ಕಾಗದ ಸಿಕ್ಕಿತ್ತು, ಹೇಳಿದ ಹಾಗೇ ಮಾಡಿದೆ. ಕಂಬಿಗಳು ಅರ್ಧ ಸ್ವಚ್ಛವಾದವು, ಉಳಿದದ್ದು ಮುಂದಿನ ತಿಂಗಳು.

ಮುದುಕನಿಗೆ ಈ ಚಳಿ ಒಗ್ಗುವುದಿಲ್ಲ ಅನ್ನಿಸಿತು. ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದೇನೆ. ನಿನಗೆ ಬೇಜಾರಿಲ್ಲ ತಾನೆ? ಇಲ್ಲಿಯವರದೇ ಟೋಪಿ ಹಾಕಿದ್ದು ಒಂದು ಕೊಟ್ಟಿದ್ದಾರೆ.

ತುಟಿ ಸ್ವಲ್ಪ ಒಡೆದಿದೆ, ಅದಕ್ಕೇ ಊಟ ಮೆತ್ತಗಿನದು. ಬಾತು ಮಾತ್ರ ಹಸಿ ಈರುಳ್ಳಿ ಕಡಿಯುವುದನ್ನು ಬಿಟ್ಟಿಲ್ಲ. ಅವನ ಬಾಯಿಗೊಳವೆಯಲ್ಲೂ ಅದೇ ರುಚಿ, ಥೂ. ನಾನು ಚೆನ್ನಾಗಿದ್ದೇನೆ. ಅಮ್ಮನಿಗೂ ಚೆನ್ನಾಗಿದ್ದಾಳೆ ಎಂದು ಹೇಳು.

ನಿನ್ನ
ಮೊಂಡಿ


ನವೆಂಬರ್ ೨೩

ಮಗಳೇ,

ಇವತ್ತು ದಾರಿ ತೆರೆಯಿತು. ಮೊದಲು ಇಳಿದ ಗಾಡಿಯಲ್ಲಿ ನಿನ್ನ ಕಾಗದ ಬಂತು. ಗುಮಾಸ್ತೆ ಕೌಂಟರಿನ ಹಿಂದಿನಿಂದ ಓಡಿಬಂದು ಕೈಗೆ ಕೊಟ್ಟಳು. ಲಕೋಟೆಯ ಮೇಲೆ ನಿನ್ನ ಅಕ್ಷರ, ಹದಿನಾರನೇ ತಾರೀಕು. ಹದಿನಾಲ್ಕಲ್ಲ, ಹದಿನಾರು! ಬೆಂಚಿನ ಮೇಲೆ ಕೂತು ಅತ್ತೆ. ಇದನ್ನು ನಿಮ್ಮಮ್ಮನಿಗೆ ಹೇಳಬೇಡ. ಅವಳಿಗೆ ಫೋನಿನಲ್ಲಿ, ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿದ್ದೇನೆ.

ಆಮೇಲೆ ಎರಡನೇ ಸಲ ಓದಿದೆ.

ಮೊಂಡಿ, ನೀನು ಯಾರಿಗೆ ಸುಳ್ಳು ಹೇಳುತ್ತಿದ್ದೀಯ? ನಾನು ನೀರಿನೊಳಗೇ ಜೀವನ ಕಳೆದವನು. ಒಬ್ಬ ಮುಳುಗುಗಾರನ ಬಾಯಿಗೊಳವೆಯ ರುಚಿ ಇನ್ನೊಬ್ಬರಿಗೆ ಗೊತ್ತಾಗುವುದು ಒಂದೇ ಒಂದು ಸಂದರ್ಭದಲ್ಲಿ. ತನ್ನ ಹತ್ತಿರ ಗಾಳಿ ಇಲ್ಲದಾಗ.

ಈ ಹೊತ್ತಿಗೆ ನನ್ನ ಎರಡು ಕಾಗದಗಳೂ ಗಾಡಿಯಲ್ಲಿ ಮೇಲೆ ಹೋಗುತ್ತಿವೆ. ಅದೇ ಗಾಡಿಯಲ್ಲಿ ಡ್ರೈವರ್ ಪಕ್ಕ ಜಾಗವಿತ್ತು, ನನ್ನನ್ನು ಕರೆದ. ಹತ್ತಲಿಲ್ಲ. ಬಂದರೆ ನಿನ್ನನ್ನು ಜುಟ್ಟು ಹಿಡಿದು ಎಳೆದುಕೊಂಡು ಮನೆಗೆ ಬರುತ್ತಿದ್ದೆ. ನೀನು ಬಂದೂಬಿಡುತ್ತಿದ್ದೆಯೇನೋ. ಆಮೇಲೆ ಜೀವಮಾನವಿಡೀ ಶೆಡ್ಡಿನಲ್ಲಿ ಕೂತು ನನ್ನ ಮುಖ ನೋಡುತ್ತಿದ್ದೆ. ಅದಕ್ಕೂ ನನಗೆ ಧೈರ್ಯವಿಲ್ಲ. ಸಂಜೆಯ ಬಸ್ಸಿಗೆ ಕೆಳಗೆ ಹೋಗುತ್ತೇನೆ.

ಆದರೆ ನಿಜ ಬರಿ. ನಾನು ಹೇಳಿದ ನಾಲ್ಕು ಉಸಿರು ಎಳೆದೆಯಾ?

ಅಪ್ಪ


ಡಿಸೆಂಬರ್ ೪

ಅಪ್ಪ,

ಎಳೆದೆ.

ನಾಲ್ಕೂ ಎಳೆದೆ, ಎದೆ ತುಂಬ. ಗುಂಡಿಯನ್ನು ಉದ್ದಕ್ಕೆ ಒತ್ತಿ ಹಿಡಿದೆ. ಆವತ್ತು ಗಾಳಿ ಬೀಸಿ ಕೊಯ್ಯುತ್ತಿತ್ತು. ಹಗ್ಗದ ಅಕ್ಕ ಬಾತುವಿನ ಬೆನ್ನಿಗೆ ಒಂದು ಗುದ್ದಿ, "ನೀನೂ ಶುರು ಮಾಡ್ಬೇಡ, ಇಳಿ" ಎಂದಳು. ಅವನು "ನಿಮ್ಮಪ್ಪನ ಸಲಾಮು ನಾಳೆಗಿಟ್ಕೊಳ್ತೀನಿ" ಎಂದು ಬಾಯಿ ಮುಚ್ಚಿಕೊಂಡು ಧುಮುಕಿದ. ನೀರಿನೊಳಗೆ ಹೋದ ಮೇಲೆಯೇ ಮೊದಲ ಉಸಿರು ಎಳೆದ. ನಾವಿಬ್ಬರೂ ಬದುಕಿರುವುದು ಅಷ್ಟರಿಂದ.

ಕಂಬಿಗಳ ಹತ್ತಿರ ಒಂದು ಬೇರು ಎಳೆಯುತ್ತಿದ್ದೆ, ಮುದುಕ ಒಮ್ಮೆಲೇ ಬಾಯಿ ಬಿಟ್ಟ. ಗುಳ್ಳೆಗಳಲ್ಲಿ ಏನೂ ಕಾಣಲಿಲ್ಲ. ಗಾಳಿ ನನ್ನ ಹಲ್ಲು ಕಿತ್ತುಹೋಗುವ ಹಾಗೆ ನುಗ್ಗಿತು. ಗುದ್ದಿದೆ. ನಿಲ್ಲಲಿಲ್ಲ. ಆಮೇಲೆ ಒಮ್ಮೆಲೇ ಸದ್ದು ನಿಂತಿತು. ಅದು ಸರಿಹೋದದ್ದಲ್ಲ, ಮುಗಿದುಹೋದದ್ದು. ಬಾತು ನನ್ನ ಕತ್ತುಪಟ್ಟಿ ಹಿಡಿದು ತನ್ನ ಬಾಯಿಯದನ್ನು ತೆಗೆದು ನನ್ನ ಬಾಯಿಗೆ ತುರುಕಿದ. ನಾನು ಎಳೆದು ಅವನಿಗೆ, ಅವನು ಎಳೆದು ನನಗೆ. ಅವನದೂ ಹೆಪ್ಪುಗಟ್ಟಿದರೆ ಎಂದು ಇಬ್ಬರೂ ಮೆಲ್ಲಗೆ, ಕದ್ದು ಉಸಿರಾಡಿದ ಹಾಗೆ ಉಸಿರಾಡಿದೆವು. ಚಾವಣಿಯಲ್ಲಿ ತೂತು ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಅಕ್ಕ ಹಗ್ಗ ಎಳೆದ ಕಡೆಗೆ ಹೋದೆವು. ಹೊರಗೆ ಬಂದಾಗ ಅವಳ ಅಂಗೈ ಸುಲಿದು ರಕ್ತ ಬಂದಿತ್ತು. ಆವತ್ತು ಅವಳು ಒಂದು ಮಾತೂ ಬೈಯಲಿಲ್ಲ.

ಯಾಕಾಯಿತೆಂದು ಇಲ್ಲಿಯ ಇಂಜಿನಿಯರ್ ಅವತ್ತೇ ಹೇಳಿದರು. ನಿನಗೆ ಬರೆಯಬಾರದೆಂದು ನಿರ್ಧಾರ ಮಾಡಿದೆ. ಅದು ಗೊತ್ತಾದರೆ ನೀನು ಇನ್ನು ಯಾವ ಸಿಲಿಂಡರನ್ನೂ ಮುಟ್ಟುವುದಿಲ್ಲ ಎಂದು ಹೆದರಿದೆ. ತಡವಾಗಿ ಬಂದ ನಿನ್ನ ಕಾಗದಗಳನ್ನು ಓದಿದರೆ, ಅಷ್ಟರಲ್ಲಿ ನೀನು ಐಸ್ ಮೇಲೆ ಕೂತೂ ಆಗಿತ್ತು, ಕಂಬದ ಕೆಳಗೆ ನುಸುಳಿಯೂ ಆಗಿತ್ತು. ಕಾವಲಿನವನ ವಿಷಯ ಬಾತುವಿಗೆ ಓದಿ ಹೇಳಿದೆ. ಅವನು ನಗಲಿಲ್ಲ.

ಸಿಟ್ಟು ಬಂದಿತ್ತಪ್ಪ. ಇಲ್ಲವೆಂದರೆ ಇನ್ನೊಂದು ಸುಳ್ಳು. ಎರಡು ದಿನ ಮುದುಕನ ಪೆಟ್ಟಿಗೆಯನ್ನು ನೀರಿಗೆ ಎಸೆಯಬೇಕೆಂದು ಓಡಾಡಿದೆ. ನಾನು ಹೊರಟ ದಿನ ನಿನ್ನ ಶೆಡ್ಡಿನಲ್ಲಿ ತುಂಬಿಸಲು ಒಂದು ಸಿಲಿಂಡರೂ ಇರಲಿಲ್ಲ, ನಾನು ಬೆಳಿಗ್ಗೆಯೇ ನೋಡಿದ್ದೆ. ನೀನು ಬಸ್ಸಿನ ಸದ್ದು ಕೇಳಬಾರದೆಂದು ಕಂಪ್ರೆಸರನ್ನು ಸುಮ್ಮನೆ ಓಡಿಸುತ್ತಿದ್ದೆ. ಅದು ನೆನಪಾಗಿ ಎಸೆಯಲಿಲ್ಲ.

ಉಳಿದ ಕಂಬಿಗಳಿಗೆ ನಾಡಿದ್ದು ಬುಧವಾರ ಇಳಿಯುತ್ತೇನೆ. ಬೇಡವೆಂದು ಬರೆಯಬೇಡ, ಕಾಗದ ಹೇಗೂ ತಡವಾಗಿಯೇ ಸೇರುತ್ತದೆ. ಲೈನ್ ಸರಿಹೋಗಿದೆ, ಇಳಿದು ಬಂದ ಮೇಲೆ ಫೋನ್ ಮಾಡುತ್ತೇನೆ. ಬಾಯಿಗೊಳವೆಯನ್ನು ಕೋಟಿನೊಳಗೆ ಒಣಗಿದ್ದ ಹಾಗೇ ಇಟ್ಟುಕೊಂಡು ಹೋಗಿ, ಬಾಯಿ ಮುಚ್ಚಿಕೊಂಡು ಮುಳುಗಿ, ಮುಖದ ಮೇಲೆ ನೀರು ಬಂದ ಮೇಲೆಯೇ ಮೊದಲ ಉಸಿರು. ದಡದಲ್ಲಿ ಸದ್ದಿಲ್ಲ. ಹಾಗೆ ಹೇಳದೆ ಕೇಳದೆ ಇಳಿಯುವುದು ನನಗೆ ಇನ್ನೂ ಕಷ್ಟ.

ಅದಕ್ಕೇ ಮುದುಕನನ್ನು ಬಾತುವಿನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಾಳೆ ನಿಮ್ಮ ಬಂದರಿಗೇ ಬರುವವನಿದ್ದಾನೆ, ಈ ಕಾಗದವೂ ಅವನ ಹತ್ತಿರವೇ ಇದೆ. ನಿಮ್ಮ ಗಾಳಿ ಬೆಚ್ಚಗಿದೆ, ಅಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುದುಕನನ್ನು ಒಂದು ಸಿಲಿಂಡರಿಗೆ ಕಟ್ಟಿ, ಬಂದರಿನ ಗೋಡೆ ಹತ್ತಿರ ನಿಂತು, ನನ್ನ ಪರವಾಗಿ ನೀನು ಬುಸ್ ಅನ್ನಿಸು. ಅಮ್ಮನೂ ಪಕ್ಕದಲ್ಲಿರಲಿ. ನಾನು ಇಲ್ಲಿ ಹತ್ತಕ್ಕೇ ಇಳಿಯುತ್ತೇನೆ.

ನಿನ್ನ
ಮೊಂಡಿ